ಬಿದ್ದ ಗೋಡೆಯ ಒಂದು ಇಟ್ಟಿಗೆಯನ್ನೂ ಎತ್ತಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ

ಕಳೆದ ವರ್ಷ ಜೂನ್ ತಿಂಗಳ ಒಂದು ಬೆಳಿಗ್ಗೆ, ಶಿವಮೊಗ್ಗದ ಹೊರವಲಯದಲ್ಲಿರುವ ನಮ್ಮ ಮನೆಯ ಕಾಂಪೌಂಡಿಗೆ ಎಂ-ಸ್ಯಾಂಡ್ ತುಂಬಿದ ಟಿಪ್ಪರ್ ಹಿಂದಕ್ಕೆ ಬಂದು ಗುದ್ದಿತು. ಎದುರಿನ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ನಾನು ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಸದ್ದು ಕೇಳಿ ಹೊರಗೆ ಓಡಿ ಬಂದರೆ ಇಪ್ಪತ್ತೆರಡು ಅಡಿ ಗೋಡೆ ಅಂಗಳದೊಳಕ್ಕೆ ಮಲಗಿತ್ತು. ಗೇಟಿನ ಕಂಬ ವಾಲಿ ನಿಂತಿತ್ತು. ಸಂಪಿನ ಮುಚ್ಚಳ ಒಡೆದು ಕುಡಿಯುವ ನೀರಿಗೆ ಮಣ್ಣು ಸುರಿಯುತ್ತಿತ್ತು. ಅತ್ತೆ ನೆಟ್ಟು ಹದಿನಾಲ್ಕು ವರ್ಷ ನೀರೆರೆದ ಸಂಪಿಗೆ ಮರ ಬುಡದಿಂದ ಒಂದು ಮೊಳ ಮೇಲಕ್ಕೆ ಸೀಳಿಹೋಗಿತ್ತು. ತೊಗಟೆಯ ಒಂದು ಪಟ್ಟಿ ಮಾತ್ರ ಅದನ್ನು ಹಿಡಿದುಕೊಂಡಿತ್ತು. ಅತ್ತೆ ಆ ಸೀಳಿನ ಮೇಲೆ ಕೈಯಿಟ್ಟುಕೊಂಡು ಮಾತಿಲ್ಲದೆ ಕುಳಿತರು.

ಯಾರಿಗೂ ಪೆಟ್ಟಾಗಲಿಲ್ಲ, ಅದು ದೊಡ್ಡ ಪುಣ್ಯ. ಆದರೆ ಸದ್ಯ ಬದುಕಿಕೊಂಡೆವಲ್ಲ ಎಂಬ ಆ ನೆಮ್ಮದಿಯಲ್ಲೇ ನಾವು ಎಡವಿದೆವು. ಅರ್ಧ ಗಂಟೆಯಲ್ಲಿ ಟಿಪ್ಪರಿನ ಮಾಲೀಕರು ಬಂದರು. ಬಹಳ ವಿನಯದಿಂದಲೇ ಮಾತಾಡಿದರು. "ಅಮ್ಮಾ, ಹುಡುಗ ಹೊಸಬ. ಸ್ಟೇಷನ್ನು, ಕೇಸು ಅಂತ ಹೋದರೆ ಗಾಡಿ ಹಿಡಿದು ನಿಲ್ಲಿಸುತ್ತಾರೆ, ಇವನ ಹೊಟ್ಟೆಪಾಡು ಹೋಗುತ್ತದೆ. ನಾಳೆಯೇ ಮೇಸ್ತ್ರಿಯನ್ನು ಕಳಿಸಿ ಮೊದಲಿದ್ದ ಹಾಗೆ ಕಟ್ಟಿಸಿಕೊಡುತ್ತೇನೆ. ಹೇಗಿದ್ದರೂ ಇನ್ಶೂರೆನ್ಸ್ ಇದೆಯಲ್ಲ." ಚಾಲಕನಿಗೆ ನಮ್ಮ ಮಗನ ವಯಸ್ಸು. ಗೇಟಿನ ಬಳಿ ನಡುಗುತ್ತಾ ನಿಂತಿದ್ದ. ಯಜಮಾನರ ಮನಸ್ಸು ಕರಗಿತು, ನನ್ನದೂ ಕರಗಿತು. ಮಾಲೀಕರು ಹತ್ತು ಸಾವಿರ ರೂಪಾಯಿ ಕೈಗಿಟ್ಟು, "ಲೆಕ್ಕಕ್ಕೆ ಬೇಕು ಸಾರ್" ಎಂದು ಒಂದು ಹಾಳೆಯ ಮೇಲೆ ಸಹಿ ಹಾಕಿಸಿಕೊಂಡರು. "ಹಾನಿಗೆ ಪರಿಹಾರ ಪಡೆದಿದ್ದೇನೆ, ಮುಂದೆ ಯಾವ ತಕರಾರೂ ಇರುವುದಿಲ್ಲ" ಎಂದು ಅದರಲ್ಲಿ ಬರೆದಿತ್ತು. ಟಿಪ್ಪರ್ ಹೊರಟುಹೋಯಿತು. ಸಂಜೆ ಮಳೆ ಹಿಡಿದುಕೊಂಡಿತು. ಬಿದ್ದ ಇಟ್ಟಿಗೆಯ ಸಂದಿಯಲ್ಲಿ ಹಾವು ಸೇರೀತೆಂದು ಹೆದರಿ, ಇಬ್ಬರು ಆಳುಗಳನ್ನು ಕರೆಸಿ ಎಲ್ಲವನ್ನೂ ಸಾಗಿಸಿಬಿಟ್ಟೆವು. ಸಂಪಿಗೆಯನ್ನೂ ಕಡಿಸಿದೆವು. ಮೊಬೈಲಿನಲ್ಲಿ ಉಳಿದದ್ದು ನಾಲ್ಕು ಫೋಟೊ. ಒಂದರಲ್ಲಿಯೂ ಟಿಪ್ಪರಿನ ನಂಬರ್ ಕಾಣುವುದಿಲ್ಲ.

ಮೇಸ್ತ್ರಿ ಬರಲಿಲ್ಲ. ಹದಿನೈದು ದಿನ "ನಾಳೆ, ನಾಡಿದ್ದು" ಎಂದ ಮಾಲೀಕರು ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಎಂಜಿನಿಯರರಿಂದ ಅಂದಾಜು ಹಾಕಿಸಿದಾಗ ಗೋಡೆ, ಗೇಟು, ಸಂಪು ಸೇರಿ 1,84,000 ರೂಪಾಯಿ ಆಯಿತು.

ಸೈಟಿನ ಕಾವಲುಗಾರ ಲೋಡುಗಳ ಲೆಕ್ಕದ ಪುಸ್ತಕದಲ್ಲಿ ಗಾಡಿಯ ನಂಬರ್ ಬರೆದಿಟ್ಟಿದ್ದ. ಅದನ್ನು ವಾಹನಗಳ ವಿವರ ತೋರಿಸುವ ಸರ್ಕಾರಿ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿದಾಗ ವಿಮೆ ಚಾಲ್ತಿಯಲ್ಲಿತ್ತು. ಇನ್ನೇನು, ಆ ಕಂಪನಿಗೆ ಒಂದು ಪತ್ರ ಬರೆದರೆ ಆಯಿತು ಎಂದುಕೊಂಡೆ. ಬಂದ ಉತ್ತರ ಎರಡೇ ಸಾಲು: ಪಾಲಿಸಿದಾರರಿಂದ ಅಪಘಾತದ ಮಾಹಿತಿ ಬಂದಿಲ್ಲ, ನ್ಯಾಯಮಂಡಳಿಯ ಆದೇಶವಿದ್ದರೆ ಪರಿಶೀಲಿಸುತ್ತೇವೆ. ಇದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಗುದ್ದಿದ ವಾಹನದ ಥರ್ಡ್ ಪಾರ್ಟಿ ವಿಮೆ ನಮ್ಮಂಥವರ ರಕ್ಷಣೆಗೆಂದೇ ಕಡ್ಡಾಯವಾಗಿರುವುದು ನಿಜ. ಆದರೆ ಆ ಕಂಪನಿಗೆ ನಾವು ಗ್ರಾಹಕರಲ್ಲ. ಪಾಲಿಸಿ ನಮ್ಮ ಹೆಸರಿನಲ್ಲಿ ಇಲ್ಲದ ಕಾರಣ, ಗ್ರಾಹಕರ ವಿಮೆ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಬಳಿಯೂ ಹೋಗುವಂತಿಲ್ಲ. ದಾರಿ ಇರುವುದು ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಸತ್ತವರು, ಗಾಯಗೊಂಡವರು ಮಾತ್ರವಲ್ಲ, ಆಸ್ತಿ ಹಾಳಾದವರೂ ಅಲ್ಲಿ ಅರ್ಜಿ ಹಾಕಬಹುದು. ಹಾನಿ ಎರಡು ಸಾವಿರ ರೂಪಾಯಿಗಿಂತ ಹೆಚ್ಚಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಆಯ್ಕೆಯೂ ಇದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಆರು ತಿಂಗಳ ಗಡುವು. ಮೇಸ್ತ್ರಿಗಾಗಿ ಕಾಯುತ್ತಾ ನಾವು ಕಳೆದ ಒಂದೊಂದು ವಾರವೂ ಆ ಗಡುವಿನಿಂದಲೇ ಕಳೆದುಹೋದದ್ದು.

ನ್ಯಾಯಮಂಡಳಿಗೆ ಹೋಗಬೇಕಾದರೆ ಪೊಲೀಸ್ ದಾಖಲೆ ಬೇಕು. ಠಾಣೆಯಲ್ಲಿ ಮೊದಲ ಪ್ರಶ್ನೆಯೇ "ಯಾರಿಗೂ ಗಾಯವಾಗಿಲ್ಲವಲ್ಲಮ್ಮಾ, ರಾಜಿಯೂ ಆಗಿದೆಯಲ್ಲ?" ಗಾಯವಾಗಬೇಕೆಂಬ ನಿಯಮವೇನೂ ಇಲ್ಲ. ಬೇರೆಯವರ ಆಸ್ತಿಗೆ ಹಾನಿಯಾದರೂ ಚಾಲಕ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು, ತನ್ನ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು ಎಂದು ಅದೇ ಕಾಯ್ದೆಯ 134ನೇ ಸೆಕ್ಷನ್ ಹೇಳುತ್ತದೆ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಇದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ನಾವು ಹಾಗೆಯೇ ಮಾಡಬೇಕಾಯಿತು. ಕೊನೆಗೂ ಸ್ಥಳ ಮಹಜರಿಗೆ ಬಂದ ಅಧಿಕಾರಿ, ನಾವು ತಾತ್ಕಾಲಿಕವಾಗಿ ಪೇರಿಸಿದ್ದ ಹಾಲೋ ಬ್ಲಾಕ್ ಗೋಡೆಯನ್ನು ನೋಡಿ, "ಇದರಲ್ಲಿ ನಾನು ಏನಂತ ಬರೆಯಲಿ, ನೀವೇ ಹೇಳಿ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ದೂರು ದಾಖಲಾದ ಮೇಲೆ ಠಾಣೆಯ ಮೂಲಕ ಟಿಪ್ಪರಿನ ಪಾಲಿಸಿಯ ಪ್ರತಿ ಸಿಕ್ಕಿತು. ಅದನ್ನು ಓದಿದ ವಕೀಲರು ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಲಾರಿ, ಕಾರುಗಳ ಪಾಲಿಸಿಯಲ್ಲಿ ಬೇರೆಯವರ ಆಸ್ತಿಹಾನಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷ ರೂಪಾಯಿಯವರೆಗೆ ರಕ್ಷಣೆ ಇರುತ್ತದೆ, ದ್ವಿಚಕ್ರ ವಾಹನಗಳಿಗೆ ಒಂದು ಲಕ್ಷ. ಆದರೆ ಪ್ರೀಮಿಯಂನಲ್ಲಿ ಸಣ್ಣ ರಿಯಾಯಿತಿ ಪಡೆದು ಈ ಮಿತಿಯನ್ನು ಆರು ಸಾವಿರಕ್ಕೆ ಇಳಿಸಿಕೊಳ್ಳಲು ಮಾಲೀಕರಿಗೆ ಅವಕಾಶವಿದೆ. ಈ ಮಾಲೀಕರು ಇಳಿಸಿಕೊಂಡಿದ್ದರು. ನನ್ನ ಅಂಗಳದಲ್ಲಿ ನಿಂತು "ಇನ್ಶೂರೆನ್ಸ್ ಇದೆಯಲ್ಲ" ಎಂದರಲ್ಲ, ಆ ಇನ್ಶೂರೆನ್ಸಿನಲ್ಲಿ ನನ್ನ ಗೋಡೆಗೆ ಇದ್ದದ್ದು ಆರು ಸಾವಿರ ರೂಪಾಯಿ. ಉಳಿದದ್ದು ಮಾಲೀಕರಿಂದಲೇ ವಸೂಲಾಗಬೇಕು. ಅವರ ಕೈಯಲ್ಲಿ ನಾವು ಸಹಿ ಹಾಕಿಕೊಟ್ಟ ಹಾಳೆ ಇದೆ.

ಇಷ್ಟರ ನಡುವೆ ನಮ್ಮ ಕಪಾಟಿನಲ್ಲೇ ಇನ್ನೊಂದು ದಾರಿ ಬಿದ್ದಿತ್ತು. ಗೃಹಸಾಲ ತೆಗೆದುಕೊಂಡಾಗ ಬ್ಯಾಂಕಿನವರು ಮಾಡಿಸಿದ್ದ 'ಭಾರತ್ ಗೃಹ ರಕ್ಷಾ' ಪಾಲಿಸಿ ಸಾಲದ ಕಡತದಲ್ಲಿತ್ತು. ಬೆಂಕಿ ಬಿದ್ದರೆ ಮಾತ್ರ ಎಂದುಕೊಂಡು ನಾವು ಅದನ್ನು ಬಿಡಿಸಿ ನೋಡಿರಲಿಲ್ಲ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತಿರುವ ಈ ಪಾಲಿಸಿಯಲ್ಲಿ ವಾಹನ ಬಂದು ಗುದ್ದಿದ ಹಾನಿಯೂ ಸೇರಿದೆ. ಕಾಂಪೌಂಡು, ಬೇಲಿ, ಗೇಟು, ನೀರಿನ ತೊಟ್ಟಿ ಎಲ್ಲವೂ 'ಮನೆ' ಎಂಬ ಪದದೊಳಗೇ ಬರುತ್ತವೆ. ದಯವಿಟ್ಟು ಈ ಹೊತ್ತೇ ನಿಮ್ಮ ಸಾಲದ ಕಡತವನ್ನು ತೆಗೆದು ನೋಡಿ. ಗುದ್ದಿದ ದಿನವೇ ಆ ಕಂಪನಿಗೆ ಒಂದು ಫೋನ್ ಮಾಡಿದ್ದರೆ ನಮ್ಮ ಕಥೆ ಬೇರೆಯೇ ಆಗುತ್ತಿತ್ತು. ನಾವು ತಿಳಿಸಿದ್ದು ಎರಡೂವರೆ ತಿಂಗಳ ಮೇಲೆ.

ನಷ್ಟ ಅಳೆಯಲು ವಿಮಾ ಕಂಪನಿಯ ಕಡೆಯಿಂದ ಸರ್ವೇಯರ್ ಬಂದರು. ಒಳ್ಳೆಯ ಮನುಷ್ಯ. ಹಳೆಯ ತಳಪಾಯ ಕಾಣುವಷ್ಟು ಮಣ್ಣು ಬಗೆದು ಟೇಪು ಹಿಡಿದು ಅಳೆದರು. ಆದರೂ ಅವಶೇಷವಿಲ್ಲ, ತಡವಾಗಿದೆ, ಎಲ್ಲಕ್ಕಿಂತ ಮಿಗಿಲಾಗಿ ಆ ಸಹಿ ಇದೆ. ನಮಗೆ ಹಣ ಕೊಟ್ಟ ಮೇಲೆ ಗುದ್ದಿದವರಿಂದ ಅದನ್ನು ವಸೂಲು ಮಾಡುವ ಹಕ್ಕು ವಿಮಾ ಕಂಪನಿಗೆ ಬರುತ್ತದೆಯಂತೆ. ತಕರಾರಿಲ್ಲ ಎಂದು ಬರೆದುಕೊಟ್ಟು ಆ ಹಕ್ಕನ್ನೇ ನಾವು ಕೆಡಿಸಿದ್ದೆವು. ಏಳು ತಿಂಗಳ ಪತ್ರವ್ಯವಹಾರದ ನಂತರ 58,000 ರೂಪಾಯಿ ಬಂತು. ಗಿಡಮರಗಳಿಗೆ ಏನೂ ಇಲ್ಲ, ಅವು ಈ ಪಾಲಿಸಿಯ 'ಮನೆ'ಯೊಳಗೆ ಬರುವುದಿಲ್ಲ. ತೋಟದ ನಷ್ಟವನ್ನು ಗುದ್ದಿದವರಿಂದಲೇ ಕೇಳಬೇಕು. ಅದಕ್ಕೆ ಮರದ ವಯಸ್ಸು, ಬುಡದ ಸುತ್ತಳತೆ, ಬೆಲೆ ಎಲ್ಲಕ್ಕೂ ಬರಹದ ದಾಖಲೆ ಇರಬೇಕು. ಕಡಿಯುವ ಮೊದಲು ತೋಟಗಾರಿಕೆ ಬಲ್ಲ ಅಧಿಕಾರಿಯೊಬ್ಬರಿಂದ ಬರೆಸಿಟ್ಟುಕೊಳ್ಳಬೇಕಿತ್ತು. ಸಂಪಿಗೆ ಅಷ್ಟರಲ್ಲಿ ಯಾರದೋ ಒಲೆ ಸೇರಿತ್ತು. ಅತ್ತೆ ಈಗಲೂ ಆ ಮೂಲೆಯ ಕಡೆ ಕುರ್ಚಿ ಹಾಕಿಕೊಳ್ಳುವುದಿಲ್ಲ.

ನ್ಯಾಯಮಂಡಳಿಯಲ್ಲಿ ಗಡುವಿಗೆ ಹನ್ನೊಂದು ದಿನ ಉಳಿದಿರುವಾಗ ಅರ್ಜಿ ಹಾಕಿದೆವು. ವಿಚಾರಣೆ ನಡೆಯುತ್ತಿದೆ.

ಕಳೆದ ತಿಂಗಳು ನಮ್ಮ ಬೀದಿಯ ಕೊನೆಯ ಮನೆಯ ಜಗಲಿಗೆ ಕಾರೊಂದು ನುಗ್ಗಿತು. ನಾನು ಹೋಗುವಷ್ಟರಲ್ಲಿ ಆ ಮನೆಯಾಕೆ ಪೊರಕೆ ಹಿಡಿದು ಒಡೆದ ಹೂಕುಂಡಗಳನ್ನು ಗುಡಿಸಲು ಬಗ್ಗಿದ್ದರು. ಕಾರಿನವರು ನೋಟು ಎಣಿಸುತ್ತಿದ್ದರು. ನಾನು ಪೊರಕೆ ಕಸಿದುಕೊಂಡೆ. "ಅಕ್ಕಾ, ಏನೂ ಮುಟ್ಟಬೇಡಿ. ದುಡ್ಡೂ ಬೇಡ, ಸಹಿಯೂ ಬೇಡ. ಮೊದಲು 112ಕ್ಕೆ ಫೋನ್ ಮಾಡಿ" ಎಂದೆ. ಅವರ ಮಗ ನಂಬರ್ ಪ್ಲೇಟು, ಚಕ್ರದ ಗುರುತು, ಜಗಲಿಯ ಕಲ್ಲು ಮೂರೂ ಒಂದೇ ಚಿತ್ರದಲ್ಲಿ ಬರುವಂತೆ ಬೀದಿಯ ಆಚೆ ಬದಿಗೆ ಹೋಗಿ ಫೋಟೊ ತೆಗೆದ. ಮಹಜರು ಮುಗಿಯುವವರೆಗೆ ಒಡೆದ ಕುಂಡಗಳ ಮೇಲೆ ಟಾರ್ಪಾಲು ಹೊದಿಸಿ, ಅದರ ನಾಲ್ಕೂ ಮೂಲೆಗೆ ಕಲ್ಲಿಟ್ಟು ಬಂದೆ.