ಮಲ್ಪೆ ಬಂದರಿನ ಹತ್ತಿರದ ಫೈಬರ್ ದೋಣಿ ರಿಪೇರಿ ಶೆಡ್: ಸದ್ದು ಕೇಳಿಯೇ ಪೆಟ್ಟು ಹುಡುಕುತ್ತಾರೆ

ಹೋದ ವರ್ಷ ನಮ್ಮ ಫೈಬರ್ ದೋಣಿ ದಕ್ಕೆಯ ಕಲ್ಲಿಗೆ ಬಡಿದಿತ್ತು. ಹೊರಗೆ ಕಂಡದ್ದು ಅಂಗೈ ಅಗಲದ ಜಾಗದಲ್ಲಿ ಕೂದಲೆಳೆಯಂಥ ಬಿರುಕು, ಅಷ್ಟೇ. ಬೇರೆ ಒಂದು ಕಡೆ ಕೊಟ್ಟೆ. ಪುಟ್ಟಿ ತುಂಬಿ ಪೇಂಟ್ ಹೊಡೆದರು. ಎರಡೇ ತಿಂಗಳಲ್ಲಿ ಅದೇ ಜಾಗ ಉಬ್ಬಿ ನೀರು ಜಿನುಗಿತು.

ಈ ಶೆಡ್‌ನವರು ಬಿರುಕನ್ನು ಮುಟ್ಟಲೇ ಇಲ್ಲ. ಮೊದಲು ನಾಣ್ಯ ತೆಗೆದು ದೂರದಿಂದ ಬಡಿಯುತ್ತಾ ಬಂದರು. ಗಟ್ಟಿ ಇದ್ದಲ್ಲಿ ಟಕ್ ಟಕ್, ಬಿರುಕಿನ ಹತ್ತಿರ ಬಂದಾಗ ಹಣ್ಣಾದ ಹಲಸು ಬಡಿದ ಹಾಗೆ ಡಬ್ ಡಬ್. ಸದ್ದು ಬದಲಾದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಒಂದು ಗೇಣಿಗೂ ಜಾಸ್ತಿ ಆಯಿತು!

"ಅಣ್ಣಾ, ಪದರದ ಒಳಗೆ ಗಾಜಿನ ನಾರಿದೆ, ಪದರ ಪದರದ ನಡುವೆ ಬರೀ ರೆಸಿನ್ ಅಂಟು. ಪೆಟ್ಟು ಬಿದ್ದರೆ ಬಿರುಕು ಆ ಸಂದಿಯಲ್ಲೇ ಅಗಲಕ್ಕೆ ಓಡುತ್ತದೆ" ಎಂದರು ಮೇಸ್ತ್ರಿ. ತಗಡಾದರೆ ತಗ್ಗು ಬಿದ್ದು ಗೊತ್ತಾಗುತ್ತದೆ, ಫೈಬರ್ ಬಾಗಿ ಮತ್ತೆ ಮೊದಲಿನ ಹಾಗೇ ನಿಲ್ಲುತ್ತದೆ, ಒಳಗೆ ಪದರ ಬಿಟ್ಟಿರುತ್ತದೆ. ಹೊರಗಿಗಿಂತ ಒಳಬದಿಯಲ್ಲೇ ಹಾನಿ ಜಾಸ್ತಿ ಇರಬಹುದಂತೆ. ನಮ್ಮ ದೋಣಿಯಲ್ಲಿ ಹಾಗೇ ಇತ್ತು, ಗ್ರೈಂಡರ್ ಹಿಡಿದಾಗ ಬಿಟ್ಟ ಪದರಗಳು ಬೆಳ್ಳಗೆ ಕಂಡವು.

ಕೆಲಸ ನಿಂತು ನೋಡಿದೆ. ಬಿಟ್ಟ ಭಾಗವನ್ನೆಲ್ಲ ತೆಗೆದು, ಅಂಚನ್ನು ಇಳಿಜಾರಾಗಿ ಉಜ್ಜಿದರು, 1 ಮಿಲಿಮೀಟರ್ ದಪ್ಪಕ್ಕೆ 12 ಮಿಲಿಮೀಟರ್ ಲೆಕ್ಕ. ನಮ್ಮದು 6 ಮಿಲಿಮೀಟರ್, ಹಾಗಾಗಿ ಸುತ್ತಲೂ 7 ಸೆಂಟಿಮೀಟರ್ ಚಿಲ್ಲರೆ. ನೇರ ಅಂಚಿದ್ದರೆ ಎಲ್ಲ ಭಾರ ಒಂದೇ ಗೆರೆಗೆ ಬಿದ್ದು ಹೊಸ ತುಂಡು ಅಲ್ಲೇ ಬಿಡುತ್ತದೆ ಅಲ್ವಾ. ಆಮೇಲೆ ಜಿಡ್ಡು ತೆಗೆಯುವ ಅಸಿಟೋನ್‌ನಲ್ಲಿ ಒರೆಸಿ, ಮ್ಯಾಟ್ (ತುಂಡು ಗಾಜಿನ ನಾರಿನ ಹಾಸು) ಒಂದು ಪದರ, ರೋವಿಂಗ್ (ನೇಯ್ದ ಗಾಜಿನ ನಾರಿನ ಬಟ್ಟೆ) ಒಂದು ಪದರ ಇಟ್ಟು, ಪ್ರತಿ ಸಲ ರೋಲರ್ ಓಡಿಸಿ ಗಾಳಿಗುಳ್ಳೆ ತೆಗೆದರು. ಅವಸರ ಮಾಡಲಿಲ್ಲ.

ಕೊರತೆಯೂ ಇದೆ. 3 ದಿನ ಎಂದದ್ದು 6 ದಿನ ಆಯಿತು. ದುಡ್ಡು ಪುಟ್ಟಿ ಕೆಲಸದ ಮೂರು ಪಟ್ಟು. ಗ್ರೈಂಡಿಂಗ್ ಮಾಡುವ ಹುಡುಗರಿಗೆ ಒಳ್ಳೆಯ ಮಾಸ್ಕ್ ಇಲ್ಲ, ಆ ಗಾಜಿನ ಧೂಳು ಸುಮ್ನೆ ಅಲ್ಲ, ಇದನ್ನು ದಯವಿಟ್ಟು ಸರಿಮಾಡಿ.

ಕೊಡುವ ದಿನ ನಾಣ್ಯ ನನ್ನ ಕೈಗೇ ಕೊಟ್ಟು "ನೀವೇ ಬಡಿದು ನೋಡಿ" ಎಂದರು. ಎಲ್ಲ ಕಡೆ ಟಕ್ ಟಕ್.

ಜೂನ್ 1ಕ್ಕೆ ಮಳೆಗಾಲದ ಮೀನುಗಾರಿಕೆ ರಜೆ ಶುರುವಾದ ಮೇಲೆ ಕೊಡೋಣ ಎಂದು ಕಾಯಬೇಡಿ. ಒದ್ದೆ ಫೈಬರ್ ಮೇಲೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ, ಮೇ ತಿಂಗಳ ಬಿಸಿಲಿನಲ್ಲೇ ಮಾಡಿಸಿ.