ಎಳೆದರೆ ಜಾರುವ ಹಗ್ಗ: ನಮ್ಮ ಕುದುರೆಗೆ ತರಿಸಿದ ಟೈ ರಿಂಗ್

ನಮ್ಮ ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆಗೆ ಕಟ್ಟಿಹಾಕಿದರೆ ಭಯ. ಹೋದ ವರ್ಷ ಲಾಳ ಕಟ್ಟಿಸುವಾಗ ಗಾಳಿಗೆ ಒಂದು ಪ್ಲಾಸ್ಟಿಕ್ ಕವರ್ ಹಾರಿ ಬಂತು. ಅಷ್ಟಕ್ಕೇ ಹಿಂದಕ್ಕೆ ಜಗ್ಗಿ, ಹಾಲ್ಟರಿನ (ತಲೆಗೆ ಹಾಕುವ ಪಟ್ಟಿಯ) ಬಕಲ್ ಕಿತ್ತು, ಕುಕ್ಕರಿಸಿ ಬಿದ್ದಳು. ಕಿವಿಯ ಹಿಂದೆ ಬೆರಳಗಲ ಚರ್ಮ ಸುಲಿದಿತ್ತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ತರಿಸಿದ್ದು ಈ ಟೈ ರಿಂಗ್. ಕಂಬಕ್ಕೆ ಹಾಕುವ ಲೋಹದ ಬಳೆ, ಅದರಲ್ಲಿ ಮಡಚುವ ಒಂದು ನಾಲಿಗೆ. ಗಂಟು ಹಾಕುವ ಹಾಗಿಲ್ಲ. ಹಗ್ಗವನ್ನು ಮಡಿಸಿ ಬಳೆಯೊಳಗೆ ತೂರಿಸಿ ನಾಲಿಗೆಗೆ ಸಿಕ್ಕಿಸಿದರೆ ಮುಗಿಯಿತು. ಕುದುರೆ ಎಳೆದರೆ ಹಗ್ಗ ಬಿಗಿಯಾಗಿ ಉಜ್ಜಿಕೊಂಡು ನಿಧಾನಕ್ಕೆ ಜಾರುತ್ತದೆ. ಬೆದರಿದ ಕುದುರೆಗೆ ನೆತ್ತಿ ಮೇಲೆ ಒತ್ತಡ ಬಿದ್ದರೆ ಮುಂದೆ ಬರುವುದಿಲ್ಲ, ಇನ್ನೂ ಜೋರಾಗಿ ಹಿಂದಕ್ಕೆ ಜಗ್ಗುತ್ತದೆ. ಸಿಕ್ಕಿಬಿದ್ದೆ ಅನ್ನಿಸಿದಷ್ಟೂ ಗಾಬರಿ ಜಾಸ್ತಿ ಅಲ್ವಾ?

ಮೊದಲ ದಿನ ದೂರದಲ್ಲಿ ಒಂದು ಖಾಲಿ ಚೀಲ ಕೊಡವಿದೆ. ಸರ್ ಅಂತ ಐದಾರು ಅಡಿ ಹಗ್ಗ ಜಾರಿತು. ನಿಂತಳು. ಒಂದು ಕಿವಿ ನನ್ನ ಕಡೆ ತಿರುಗಿತು, ತುಟಿ ನೆಕ್ಕಿಕೊಂಡಳು. ಸುಮ್ನೆ ಹಗ್ಗ ಹಿಂದಕ್ಕೆ ಎಳೆದುಕೊಂಡು ಕುತ್ತಿಗೆ ಸವರಿದೆ. ನಾಲ್ಕನೇ ಸಲಕ್ಕೆ ಒಂದೇ ಹೆಜ್ಜೆ. ಮೊನ್ನೆ ಲಾಳ ಕಟ್ಟುವವರು ನಾಲ್ಕೂ ಕಾಲು ಮುಗಿಸುವವರೆಗೆ ಹಗ್ಗ ಗೇಣುದ್ದವೂ ಜಾರಲಿಲ್ಲ.

ಆದರೆ ಬರೀ ಬಳೆಯಿಂದ ಇದು ಆಗಿದ್ದಲ್ಲ. ಅದಕ್ಕೂ ಮುಂಚೆ ಹತ್ತು ದಿನ ಕೈಯಲ್ಲೇ ಹಗ್ಗ ಹಿಡಿದು ಕಲಿಸಿದ್ದೆ. ಮೆಲ್ಲಗೆ ಎಳೆಯುವುದು, ಒಂದು ಹೆಜ್ಜೆ ಮುಂದೆ ಇಟ್ಟ ತಕ್ಷಣ ಸಡಿಲ ಬಿಡುವುದು. ಈ ಪಾಠ ಇಲ್ಲದಿದ್ದರೆ ಕುದುರೆ ಹಗ್ಗ ಪೂರ್ತಿ ಎಳೆದುಕೊಂಡು ಹೊರಟುಹೋಗುವುದನ್ನೇ ಕಲಿಯುತ್ತದೆ. ಹಗ್ಗದ ತುದಿಗೆ ಗಂಟು ಇರಬಾರದು, ಇದ್ದರೆ ಬಳೆಗೆ ಸಿಕ್ಕಿಕೊಳ್ಳುತ್ತದೆ. ಗಂಟಿಲ್ಲದ ಹಗ್ಗ ಪೂರ್ತಿ ಜಾರಿ ಹೋಗಬಹುದು, ಹಾಗಾಗಿ ಗೇಟು ಹಾಕಿದ ಜಾಗದಲ್ಲೇ ಅಭ್ಯಾಸ ಮಾಡಿಸಿ. ರಿಂಗನ್ನು ಕುದುರೆಯ ಹೆಗಲಿಗಿಂತ ಎತ್ತರದಲ್ಲಿ, ಗಟ್ಟಿ ಕಂಬಕ್ಕೆ ಹಾಕಿ. ಬೇಲಿಯ ಅಡ್ಡಪಟ್ಟಿಗೆ ಬೇಡ, ಕಿತ್ತು ಬಂದರೆ ಕುದುರೆ ಅದನ್ನೇ ಎಳೆದುಕೊಂಡು ಓಡುತ್ತದೆ. ಕಟ್ಟುವುದು ಹಾಲ್ಟರಿಗೆ ಮಾತ್ರ. ಕಡಿವಾಣಕ್ಕೆ ಕಟ್ಟಿದರೆ ಬಾಯಿ ಹರಿಯುತ್ತದೆ.

ನಮ್ಮ ಮೈಸೂರಿನ ಜಟಕಾದವರನ್ನು ಕೇಳಿದರೆ ಅಗಾಡಿ ಪಿಛಾಡಿ (ಮುಂದೊಂದು ಹಗ್ಗ, ಹಿಂಗಾಲಿಗೊಂದು ಹಗ್ಗ) ಹಾಕಿ ಅನ್ನುತ್ತಾರೆ. ಪಳಗಿದ ಕುದುರೆಗೆ ಅದು ಸರಿ. ಹೆದರುವ ಕುದುರೆಯ ಹಿಂಗಾಲು ಕಟ್ಟುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಜೊತೆಗೆ ಹಗ್ಗ ಬರುವುದಿಲ್ಲ, ಅದೊಂದು ಬೇಜಾರು. ತೆಂಗಿನ ನಾರಿನ ಹಗ್ಗ ಇದರಲ್ಲಿ ಕಚ್ಚಿಕೊಳ್ಳುತ್ತದೆ. ನುಣುಪಾದ, ಹೆಬ್ಬೆರಳು ದಪ್ಪದ, 12 ಅಡಿ ಹಗ್ಗ ಬೇರೆ ತಗೊಳ್ಳಿ. ರಾತ್ರಿ ಕಟ್ಟಿ ಬಿಟ್ಟುಹೋಗುವುದಕ್ಕೆ ಮಾತ್ರ ಇದನ್ನು ಬಳಸಲೇಬೇಡಿ. ಜಾರಿದ ಹಗ್ಗ ಕಾಲಿಗೆ ಸುತ್ತಿಕೊಳ್ಳುತ್ತದೆ.