ಐಸ್ ಮೇಕರ್ ಕ್ಲೀನ್ ಮಾಡಲು ಬಂದವರ ಕೈಯಲ್ಲಿ ಆಸಿಡ್ ಬಾಟ್ಲಿ ಇದ್ದರೆ ಬಾಗಿಲಲ್ಲೇ ನಿಲ್ಲಿಸಿ

ಕುಮಟಾ, ಅಂಕೋಲಾ, ಹೊನ್ನಾವರ ಕಡೆ ಯಾರ ಮನೆಯಲ್ಲಾದರೂ ಸಣ್ಣ ಐಸ್ ಮೇಕರ್ ಇದ್ದರೆ, ಅದರ ಸರ್ವೀಸಿಗೆ ಯಾರನ್ನಾದರೂ ಕರೆಸುವ ಮೊದಲು ಇದನ್ನು ಓದಿಬಿಡಿ. ಅಡುಗೆಮನೆ ಕಟ್ಟೆಯ ಮೇಲೆ ಕೂರುವ, ಟ್ಯಾಂಕಿಗೆ ನಾವೇ ನೀರು ಹೊಯ್ಯುವ, ಹತ್ತು ನಿಮಿಷದೊಳಗೆ ಟೊಳ್ಳು ಐಸ್ ತುಂಡು ಉದುರಿಸುವ ಮಷೀನ್ ಇದೆಯಲ್ಲ, ಅದರ ಮಾತು. ನಮ್ಮ ಮನೆಗೆ ಬಂದ ಮೆಕ್ಯಾನಿಕ್ ಅದರೊಳಗೆ ಟಾಯ್ಲೆಟ್ ಆಸಿಡ್ ಹೊಯ್ದ, ಬೆನ್ನಿಗೇ ಬ್ಲೀಚ್ ಹೊಯ್ದ. ಮಷೀನ್ ಹಾಳಾಯಿತು, ಅತ್ತೆಯವರಿಗೆ ರಾತ್ರಿಯಿಡೀ ಕೆಮ್ಮು. ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ. ಇದೇ ಬಾಟ್ಲಿ ಹಿಡಿದು ತಿರುಗುವವರು ಒಬ್ಬಿಬ್ಬರಲ್ಲ ಅಂತ ಆಮೇಲೆ ತಿಳಿಯಿತು. ಹೆಸರಿಗಿಂತ ಬಾಟ್ಲಿಯನ್ನು ನೆನಪಿಟ್ಟುಕೊಂಡರೆ ಹೆಚ್ಚು ಉಪಯೋಗ.

ಮೇ ತಿಂಗಳೆಂದರೆ ನಮ್ಮಲ್ಲಿ ಮನೆ ತುಂಬ ನೆಂಟರು. ಹುಬ್ಬಳ್ಳಿಯ ಮಕ್ಕಳು ಬಂದರೆ ದಿನವಿಡೀ ಮುರುಗಲು ಶರಬತ್ತು, ಮಜ್ಜಿಗೆ, ಮತ್ತೆ ಶರಬತ್ತು. ಫ್ರಿಜ್ಜಿನ ಟ್ರೇ ಎಲ್ಲಿಗೂ ಸಾಲದು. "ತದಡಿ ಬಂದರಿನಿಂದ ಒಂದು ಐಸ್ ಗಡ್ಡೆ ತಂದರೆ ಮುಗೀತಲ್ಲ" ಎಂದು ಭಾವ ಪ್ರತಿ ವರ್ಷ ತಮಾಷೆ ಮಾಡುವುದುಂಟು. ಬಂದರಿನ ಐಸ್ ಮೀನಿಗೆ, ಗಂಟಲಿಗಲ್ಲ. ಎರಡೂ ಕಣ್ಣಿಗೇ ಬೇರೆಯಾಗಿ ಕಾಣಲಿ ಎಂದೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ತಿನ್ನಲಾಗದ ಐಸಿಗೆ ನೀಲಿ ಬಣ್ಣ ಸೇರಿಸಬೇಕೆಂದು ಹೇಳಿದ್ದು. ಭಾವನಿಗೆ ಅದನ್ನು ಹೇಳಿ ಹೇಳಿ ಸಾಕಾಗಿ ಮಷೀನನ್ನೇ ತಂದೆವು. ಚೆನ್ನಾಗಿಯೇ ನಡೆಯುತ್ತಿತ್ತು.

ಈ ಸಲ ಟ್ಯಾಂಕಿನ ಮೂಲೆಯಲ್ಲಿ ತೆಳ್ಳಗೆ ಗುಲಾಬಿ ಲೋಳೆ, ಐಸಿಗೆ ಸ್ವಲ್ಪ ಮುಗ್ಗಲು ವಾಸನೆ. ತೇವ ಇರುವಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದು, ಬಚ್ಚಲಿನ ಟೈಲ್ಸ್ ಸಂದಿಯಲ್ಲೂ ಕಾಣುತ್ತದೆ. ಕಂಪನಿಗೆ ಫೋನ್ ಮಾಡಿದರೆ ಕುಮಟೆಗೆ ಅವರ ಮನುಷ್ಯರಿಲ್ಲ, ಹುಬ್ಬಳ್ಳಿಗೆ ಹೊತ್ತು ತನ್ನಿ ಎಂದರು. ಪೇಟೆಯ ಎಸಿ-ಫ್ರಿಜ್ ರಿಪೇರಿ ಅಂಗಡಿಯವರು "ಐಸ್ ಮೇಕರ್ರಾ? ಅದೂ ಮಾಡ್ತೇವೆ" ಎಂದು ಹುಡುಗನನ್ನು ಕಳಿಸಿದರು.

ಹುಡುಗ ಮಾತಿಗೆ ಚುರುಕು. ಮುಚ್ಚಳ ಎತ್ತಿ, ಟ್ಯಾಂಕಿನ ತಳದ ಕಂದು ಕಲೆ ತೋರಿಸಿ, "ಅಕ್ಕಾ, ಫುಲ್ ಸ್ಕೇಲ್ ಕೂತಿದೆ ನೋಡಿ" ಎಂದ. ಎಡವಟ್ಟು ಶುರುವಾಗಿದ್ದೇ ಇಲ್ಲಿಂದ. ಸ್ಕೇಲ್ ಅಂದರೆ ಗಡಸು ನೀರಿನ ಸುಣ್ಣ. ಅದು ಬೆಳ್ಳಗೆ, ಉಗುರಿನಿಂದ ಕೆರೆದರೆ ಪುಡಿ ಪುಡಿ. ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಅದೇ ದೊಡ್ಡ ತೊಂದರೆ. ನಮ್ಮದು ಚಿರೆಕಲ್ಲು ಕಡಿದು ತೋಡಿದ ಬಾವಿ. ಇಂಥ ನೀರಿನಲ್ಲಿ ಸುಣ್ಣ ಕಡಿಮೆ, ಕಬ್ಬಿಣ ಹೆಚ್ಚು. ಬಿಳಿ ಬಟ್ಟೆ ಒಗೆದರೆ ಕ್ರಮೇಣ ಕೆಂಚು ಬಣ್ಣ ಹಿಡಿಯುವುದು ಅದರಿಂದಲೇ. ಟ್ಯಾಂಕಿನಲ್ಲಿದ್ದದ್ದೂ ಆ ಕೆಂಚೇ. ಸುಣ್ಣವೇ ಇಲ್ಲದ ಕಡೆ ಸುಣ್ಣ ತೆಗೆಯಲು ಹೊರಟ ಪುಣ್ಯಾತ್ಮ.

ಬ್ಯಾಗಿನಿಂದ ಒಂದು ಕುಡಿಯುವ ನೀರಿನ ಹಳೇ ಬಾಟ್ಲಿ ತೆಗೆದ. ಲೇಬಲ್ ಕಿತ್ತಿತ್ತು, ಒಳಗೆ ತಿಳಿ ಹಳದಿ ದ್ರವ. ಏನಪ್ಪಾ ಇದು ಎಂದು ಕೇಳಿದೆ. "ಐಸ್ ಮಷೀನಿನ ಸ್ಪೆಷಲ್ ಲಿಕ್ವಿಡ್ ಅಕ್ಕಾ, ಪೇಟೆಯಲ್ಲಿ ಸಿಗೋದಿಲ್ಲ" ಎಂದ. ಸೀದಾ ಟ್ಯಾಂಕಿಗೆ ಸುರಿದು ಮಷೀನ್ ಆನ್ ಮಾಡಿದ. ಬುರುಬುರು ನೊರೆ ಬಂತು, ಮೂಗಿಗೆ ಹೊಡೆಯುವ ಘಾಟು. ಅದನ್ನು ಅರ್ಧಂಬರ್ಧ ಬಸಿದು, ತೊಳೆಯದೆ, ಇನ್ನೊಂದು ಬಾಟ್ಲಿಯಿಂದ ಬ್ಲೀಚ್ ಹೊಯ್ದ. "ಕ್ರಿಮಿ ಎಲ್ಲ ಸತ್ತು ಹೋಗ್ತದೆ."

ಕ್ರಿಮಿ ಕಥೆ ಹಾಗಿರಲಿ, ನಾವೇ ಹೊರಗೆ ಓಡಿದೆವು. ಕಣ್ಣು ಉರಿ, ಗಂಟಲು ಕಟ್ಟಿದ ಹಾಗೆ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅತ್ತೆ ಕೆಮ್ಮುತ್ತಾ ಎದ್ದು ಕೂತರು. ಅವರನ್ನು ಅಂಗಳಕ್ಕೆ ಕರೆತಂದು, ಕಿಟಕಿ ಬಾಗಿಲೆಲ್ಲ ತೆರೆದಿಟ್ಟು ಬಹಳ ಹೊತ್ತು ಒಳಗೆ ಹೋಗಲಿಲ್ಲ. ಹುಡುಗ ಕರವಸ್ತ್ರ ಮೂಗಿಗೆ ಹಿಡಿದು, "ಸ್ಟ್ರಾಂಗ್ ಐಟಂ ಅಲ್ವಾ ಅಕ್ಕಾ, ವಾಸನೆ ಇರ್ತದೆ" ಎಂದ.

ಅದು ವಾಸನೆ ಅಲ್ಲ, ಕ್ಲೋರಿನ್ ಅನಿಲ. ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್‌ಗೆ ಆಸಿಡ್ ತಾಗಿದರೆ ಹುಟ್ಟುವುದು ಅದೇ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದೂ ಇದನ್ನೇ. ಬಚ್ಚಲು ತೊಳೆಯುವಾಗ ಇವೆರಡನ್ನೂ ಸೇರಿಸಿ ಆಸ್ಪತ್ರೆ ಸೇರಿದವರಿದ್ದಾರೆ. ಹಾಗಿರುವಾಗ ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ, ತಿನ್ನುವ ಐಸ್ ಮಾಡುವ ಪಾತ್ರೆಯಲ್ಲಿ ಸೇರಿಸುವುದೆಂದರೆ! 900 ರೂಪಾಯಿ ತೆಗೆದುಕೊಂಡು ಹೋದ. ಬಿಲ್ ಕೇಳಿದ್ದಕ್ಕೆ "ಅಂಗಡಿಯಿಂದ ವಾಟ್ಸಾಪ್ ಮಾಡ್ತಾರೆ" ಎಂದ. ಇವತ್ತಿನವರೆಗೂ ಬಂದಿಲ್ಲ.

ಸಾಕಷ್ಟು ಸಲ ನೀರು ಬದಲಿಸಿ ತೊಳೆದು, ಮೊದಲು ಬಂದ ಐಸನ್ನೆಲ್ಲ ತೆಂಗಿನ ಬುಡಕ್ಕೆ ಸುರಿದ ಮೇಲೂ ನನಗೆ ಧೈರ್ಯ ಬರಲಿಲ್ಲ. ವಾಸನೆ ಏನೋ ಹೋಗಿತ್ತು. ಒಂದು ಲೋಟ ನೀರಿಗೆ ನಾಲ್ಕು ತುಂಡು ಹಾಕಿ ಇಟ್ಟಿದ್ದೆ. ಹುಬ್ಬಳ್ಳಿಯ ಸಣ್ಣವಳು ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದು, "ಚಿಕ್ಕಮ್ಮಾ, ಐಸಿನ್ಯಾಗ ಚಮಕಿ ಐತಿ" ಎಂದಳು. ಹೌದು, ಐಸಿನ ಟೊಳ್ಳಿನ ಒಳಮೈಗೆ ಬೂದು ಬಣ್ಣದ, ಮಿರಮಿರ ಮಿಂಚುವ ತೆಳು ಚೂರು ಅಂಟಿಕೊಂಡಿತ್ತು. ಹೊರಮೈ ಸ್ವಚ್ಛ, ಒಳಗೆ ಮಾತ್ರ ಚೂರು. ಒಂದು ಬುಟ್ಟಿ ಐಸನ್ನು ಬಿಳಿ ಪಂಚೆಯ ತುಂಡಿನ ಮೇಲೆ ಕರಗಲು ಬಿಟ್ಟೆ. ನೀರು ಸೋರಿ ಹೋದ ಮೇಲೆ ಬಟ್ಟೆಯ ಮೇಲೆ ಕಪ್ಪು-ಬೂದು ಹೊಟ್ಟು ಉಳಿಯಿತು. ಬೆರಳಲ್ಲಿ ಉಜ್ಜಿದರೆ ಕರಗದು, ಗರಗರ ಎನ್ನುತ್ತದೆ. ಈ ಬಟ್ಟೆಯ ಪರೀಕ್ಷೆಗೆ ಖರ್ಚಿಲ್ಲ, ನೀವೂ ಇವತ್ತೇ ಮಾಡಿ ನೋಡಬಹುದು.

ಚೂರು ಒಳಮೈಗೇ ಯಾಕೆ ಅಂಟಿತ್ತು ಎಂಬುದನ್ನು ಬಿಡಿಸಿ ಹೇಳಿದ್ದು ಅಂಕೋಲೆಯಿಂದ ಬಂದ ಹಿರಿಯ ಮೆಕ್ಯಾನಿಕ್. ಐಸ್ ಪ್ಲಾಂಟಿನಲ್ಲಿ ಕಂಪ್ರೆಸರ್ ನೋಡಿಕೊಂಡಿದ್ದವರು. ಮಷೀನಿನ ಮೇಲ್ಭಾಗದಲ್ಲಿ ಬೆರಳುದ್ದದ ಒಂಬತ್ತು ಲೋಹದ ಕಡ್ಡಿಗಳು ಕೆಳಮುಖವಾಗಿ ಇರುತ್ತವೆ, ಅದೇ ಇವಾಪೊರೇಟರ್. ಕಡ್ಡಿ ನೀರಲ್ಲಿ ಮುಳುಗಿ, ಒಳಗೆ ಹರಿಯುವ ಗ್ಯಾಸಿನಿಂದ ತಣ್ಣಗಾಗಿ, ಸುತ್ತಲೂ ಐಸ್ ಕಟ್ಟುತ್ತದೆ. ಆಮೇಲೆ ಕಂಪ್ರೆಸರಿನ ಬಿಸಿ ಗ್ಯಾಸ್ ಅದೇ ಕಡ್ಡಿಗೆ ನುಗ್ಗಿದಾಗ ಐಸ್ ಸಡಿಲಾಗಿ ಜಾರಿ ಬೀಳುತ್ತದೆ. ಐಸಿನ ಟೊಳ್ಳು ಅಂದರೆ ಕಡ್ಡಿ ಇದ್ದ ಜಾಗ. ಕಡ್ಡಿಯ ಮೇಲಿನ ಲೇಪ ಎದ್ದರೆ ಐಸ್ ಜಾರುವಾಗ ಅದನ್ನೂ ಸುಲಿದುಕೊಂಡೇ ಬರುತ್ತದೆ.

ಅವರು ಟಾರ್ಚ್ ಬಿಟ್ಟು, ಕನ್ನಡಿ ಹಿಡಿದು ನನಗೂ ತೋರಿಸಿದರು. ಮೂರು ಕಡ್ಡಿ ಇನ್ನೂ ಬೆಳ್ಳಿ ಬಣ್ಣಕ್ಕೇ ಇದ್ದವು. ಉಳಿದವುಗಳ ತುದಿಯಲ್ಲಿ ಲೇಪ ಗುಳ್ಳೆ ಎದ್ದು ಸುರುಟಿತ್ತು. ಕೆಳಗೆ ತಾಮ್ರದ ಕೆಂಪು, ಅದರಲ್ಲೂ ಅಲ್ಲಲ್ಲಿ ಹಸಿರು ಕಿಲುಬು. "ನಿಕಲ್ ಎದ್ದು ಹೋಗಿದೆ ತಂಗೀ. ಯಾರು ಆಸಿಡ್ ಹಾಕಿದ್ದು?" ನಾನು ಇನ್ನೂ ಆ ಹುಡುಗನ ವಿಷಯ ಬಾಯಿ ಬಿಟ್ಟಿರಲಿಲ್ಲ.

ತಾಮ್ರದ ಮೇಲೆ ನಿಕಲ್ ಲೇಪ ಇರುವುದು ನೀರಿಗೆ ತಾಮ್ರ ತಾಗದಿರಲಿ ಎಂದು. ಟಾಯ್ಲೆಟ್ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಸಿಡ್. ಅದು ಲೇಪದ ಸಣ್ಣ ಬಿರುಕು ಹಿಡಿದು ಕೆಳಗಿಳಿಯುತ್ತದೆ, ಜೊತೆಗೆ ಬ್ಲೀಚ್ ಸೇರಿದರೆ ಕೇಳುವುದೇ ಬೇಡ. ಸ್ಟೀಲಿನ ಕಡ್ಡಿ ಇರುವ ಮಷೀನಿಗೂ ಈ ಆಸಿಡ್ ಆಗದು, ಸಣ್ಣ ಸಣ್ಣ ಗುಂಡಿ ಬೀಳುತ್ತದೆ. ಹೋಟೆಲಿನ ದೊಡ್ಡ ಐಸ್ ಮಷೀನುಗಳಿಗೆ ನಿಕಲ್ ತಿನ್ನದ ಕ್ಲೀನರ್ ಎಂದೇ ಬೇರೆ ಸಿಗುತ್ತದೆ, ಅದರ ಬಾಟ್ಲಿಯ ಮೇಲೆ ಹಾಗಂತ ಬರೆದಿರುತ್ತದೆ. "ಸ್ಪೆಷಲ್ ಲಿಕ್ವಿಡ್" ಎಂದವರ ಹತ್ತಿರ ಆ ಬರಹ ತೋರಿಸಿ ಎನ್ನಿ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ: ಐಸ್ ಬೀಳುವ ಬುಟ್ಟಿ ಫ್ರೀಜರ್ ಅಲ್ಲ. ಅಲ್ಲಿ ಕರಗಿದ ನೀರು ತಿರುಗಿ ಟ್ಯಾಂಕಿಗೇ ಇಳಿದು ಮತ್ತೆ ಐಸಾಗುತ್ತದೆ. ಒಳಗೆ ಉಳಿದ ಆಸಿಡ್, ಎದ್ದ ನಿಕಲ್, ಲೋಳೆ ಎಲ್ಲವೂ ಅಲ್ಲಲ್ಲೇ ಸುತ್ತುತ್ತಿರುತ್ತವೆ.

ರಿಪೇರಿ ಮಾಡಿ ಎಂದು ಕೇಳಿದೆ. ಅವರು ಹಿಂಬದಿಯ ಸ್ಟಿಕ್ಕರ್ ಓದಿ ತಲೆ ಅಲ್ಲಾಡಿಸಿದರು. ಒಳಗಿನ ಗ್ಯಾಸ್ ಆರ್600ಎ, ಅಂದರೆ ಐಸೋಬ್ಯೂಟೇನ್, ಅಡುಗೆ ಸಿಲಿಂಡರಿನ ಗ್ಯಾಸಿನ ಜಾತಿಯದೇ. ಕಡ್ಡಿ ಬದಲಿಸಲು ಪೈಪ್ ಕತ್ತರಿಸಿ ಬೆಂಕಿ ಹಿಡಿದು ಬೆಸೆಯಬೇಕು. "ಇದನ್ನು ಮನೆ ಒಳಗೆ ಮಾಡ್ತೇನೆ ಅಂತ ಯಾರು ಬಂದ್ರೂ ಒಳಗೆ ಬಿಡಬೇಡಿ" ಎಂದರು. ಬಿಡಿಭಾಗವೂ ಸಿಗುವುದಿಲ್ಲ, ಸಿಕ್ಕರೂ ಮಷೀನಿನ ಅರ್ಧ ಬೆಲೆ. ನೋಡಿದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ, ಚಹಾ ಕುಡಿದು ಹೋದರು.

ಅಂಗಡಿಗೆ ಫೋನ್ ಮಾಡಿದರೆ ಮೊದಲ ಮಾತು, "ನಿಮ್ಮ ಮಷೀನೇ ಡೂಪ್ಲಿಕೇಟ್ ಇರಬೇಕು ಅಕ್ಕಾ." ಎರಡನೆಯದು, "ಹುಡುಗ ಈಗ ಬಿಟ್ಟು ಹೋಗಿದ್ದಾನೆ." ಕಂಪನಿಯವರು ಹೊರಗಿನವರು ಮುಟ್ಟಿದ್ದಕ್ಕೆ ವಾರಂಟಿ ಇಲ್ಲ ಎಂದರು. ಕಡ್ಡಿಗಳ ಫೋಟೋ, ಪಂಚೆ ತುಂಡಿನ ಫೋಟೋ, ಹಣ ಕಳಿಸಿದ ಯುಪಿಐ ದಾಖಲೆ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೇ ಬೇಕೆಂದೂ ಇಲ್ಲ. ಬಿಲ್ ಇದ್ದಿದ್ದರೆ ಕೆಲಸ ಸಲೀಸಾಗುತ್ತಿತ್ತು. ಕೈಗೆ ಬಿಲ್ ಬರದೆ ದುಡ್ಡು ಕಳಿಸಬೇಡಿ.

ಅಷ್ಟಕ್ಕೂ ನಮ್ಮ ಮಷೀನಿಗೆ ಬೇಕಾಗಿದ್ದದ್ದು ಎಷ್ಟು? ಪ್ಲಗ್ ಕಿತ್ತು, ತಳದ ಬೂಚು ತೆಗೆದು ನೀರು ಬಸಿದು, ಪಾತ್ರೆ ಸೋಪಿನ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಲೋಳೆ ಒರೆಸುವುದು. ಕಡ್ಡಿಗಳಿಗೆ ಹಳೇ ಮೆತ್ತನೆ ಟೂತ್‌ಬ್ರಷ್ ಸಾಕು, ಸ್ಟೀಲ್ ನಾರು ಬೇಡವೇ ಬೇಡ. ವಾಸನೆ ಹಾಗೂ ಹೋಗದಿದ್ದರೆ ಸುಮಾರು 5% ಇರುವ, ಪರಿಮಳ ಸೇರಿಸದ ಬ್ಲೀಚ್ ಒಂದೇ ಟೀ ಚಮಚ, 4 ಲೀಟರ್ ನೀರಿಗೆ. ಟ್ಯಾಂಕಿಗೆ, ಬುಟ್ಟಿಗೆ ಅದನ್ನು ಒರೆಸಿ ಕೆಲವೇ ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ, ನೆನೆಹಾಕಬೇಡಿ. ನಿಮ್ಮ ನೀರು ನಿಜಕ್ಕೂ ಗಡಸಾಗಿದ್ದು ಬಿಳಿ ಸುಣ್ಣ ಕೂತಿದ್ದರೆ ಮಾತ್ರ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅದೇ ಸಿಟ್ರಿಕ್ ಆಸಿಡ್, ಲೀಟರಿಗೆ ಒಂದು ದೊಡ್ಡ ಚಮಚ, ಹತ್ತು-ಹದಿನೈದು ನಿಮಿಷ. ನಿಂಬೆ ಉಪ್ಪೂ ಆಸಿಡ್ಡೇ, ಹಾಗಾಗಿ ಬ್ಲೀಚ್ ಬಳಸಿದ ದಿನ ಅದನ್ನು ಮುಟ್ಟಬೇಡಿ. ಯಾವುದೇ ಆದರೂ ತೊಳೆದ ಮೇಲೆ ಬರುವ ಮೊದಲೆರಡು ಬುಟ್ಟಿ ಐಸ್ ಚೆಲ್ಲಿ.

ದಿನದ ಕೊನೆಗೆ ನೀರು ಬಸಿದು ಮುಚ್ಚಳ ತೆರೆದಿಟ್ಟರೆ ಲೋಳೆ ಹುಟ್ಟುವುದೇ ಅಪರೂಪ. ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಯೇ ಬೆವರುವಾಗ ಬಟ್ಟೆಯಿಂದ ಒರೆಸಿ ಒಣಗಿಸಲೇಬೇಕು. ಕರೆಂಟ್ ಹೋಗಿ ಅರ್ಧ ದಿನ ಹಾಗೇ ನಿಂತ ನೀರನ್ನು ಐಸ್ ಮಾಡಬೇಡಿ. ಐಸಾದರೆ ಕ್ರಿಮಿ ಸಾಯುತ್ತದೆ ಎನ್ನುವವರು ಬಹಳ ಜನ, ಸಾಯುವುದಿಲ್ಲ, ಕರಗಿದ ಮೇಲೆ ಎಷ್ಟೋ ಕ್ರಿಮಿಗಳು ಮತ್ತೆ ಚುರುಕಾಗುತ್ತವೆ. ಕುದಿಸಿ ಆರಿಸಿದ ನೀರೇ ಹೊಯ್ಯಿರಿ. ಸಮುದ್ರದ ಗಾಳಿ ತಾಗುವ ಮನೆಗಳಲ್ಲಿ ಬದಿಯ ಜಾಲರಿಯ ಹಿಂದಿನ ಫಿನ್‌ಗಳಿಗೂ, ಅಂದರೆ ತೆಳು ಲೋಹದ ಪಟ್ಟಿಗಳಿಗೂ, ತುಕ್ಕು-ಧೂಳು ಹಿಡಿಯುತ್ತದೆ, ಪ್ಲಗ್ ತೆಗೆದು ಒಣ ಬ್ರಷ್ ಆಡಿಸಿ, ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ.

ಅತ್ತೆ ಈಗ ಆರಾಮಿದ್ದಾರೆ. ನಮ್ಮ ಮಷೀನಿನ ಪಂಪ್, ಫ್ಯಾನ್ ಚೆನ್ನಾಗಿವೆ. ದೂರು ಮುಗಿದ ಮೇಲೆ ಬಿಡಿಭಾಗಕ್ಕೆ ಬೇಕಾದವರು ಒಯ್ಯಬಹುದು, ಐಸ್ ಮಾಡಲಿಕ್ಕೆಂದು ಕೇಳಿದರೆ ಕೊಡುವುದಿಲ್ಲ.